ರುಯಿ ನಬೈರೊ

ಮಾನುಯೆಲ್ ರುಯಿ ಅಜಿನ್ಯಾಯಿಸ್ ನಬೈರೊ (ಜನನ: 28 ಮಾರ್ಚ್ 1931, ಮರಣ: 19 ಮಾರ್ಚ್ 2023) ಪೋರ್ಚುಗಲ್ ದೇಶದ ಉದ್ಯಮಿ ಹಾಗೂ ಸಮಾಜವಾದಿ ಪಕ್ಷದ ರಾಜಕಾರಣಿ. ಇವರು 1961ರಲ್ಲಿ ಸ್ಥಾಪಿಸಿದ 'ಡೆಲ್ಟಾ ಕಫೇಸ್' ಪೋರ್ಚುಗಲ್‌ನ ಅತಿದೊಡ್ಡ ಕಾಫಿ ಸಂಸ್ಥೆಯಾಗಿ ಬೆಳೆಯಿತು. ಪ್ರಾಥಮಿಕ ಶಾಲೆಯ ಆಚೆಗೆ ಓದದಿದ್ದ ನಬೈರೊ, ಸ್ಪೇನ್ ಗಡಿಯಂಚಿನ ಕಾಂಪು ಮಾಯೋರ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ಉದ್ಯಮ ದೇಶವ್ಯಾಪಿಯಾದ ಮೇಲೂ ಅದರ ಕೇಂದ್ರ ಕಚೇರಿ ಹಾಗೂ ಮುಖ್ಯ ಕಾರ್ಖಾನೆಯನ್ನು ಆ ಊರಿನಿಂದ ಕದಲಿಸಲಿಲ್ಲ.

ಹಿನ್ನೆಲೆ ಮತ್ತು ಬಾಲ್ಯ

ಕಾಂಪು ಮಾಯೋರ್ ಪೋರ್ಚುಗಲ್‌ನ ಪೂರ್ವಭಾಗದ ಅಲೆಂತೇಜು ಪ್ರಾಂತ್ಯದಲ್ಲಿದೆ. ಸ್ಪೇನ್‌ನ ಬದಾಹೋಸ್ ನಗರ ಇಲ್ಲಿಂದ ಸುಮಾರು 20 ಕಿ.ಮೀ. ದೂರದಲ್ಲಿದೆ. ಗೋಧಿ, ಆಲಿವ್ ಮತ್ತು ಓಕ್ ಮರಗಳ ಈ ಬಯಲುಸೀಮೆಯಲ್ಲಿ ಕಾಫಿಯ ಒಂದು ಗಿಡವೂ ಬೆಳೆಯುವುದಿಲ್ಲ. ಭೂಮಿ ಕೆಲವೇ ಜಮೀನುದಾರರ ಕೈಯಲ್ಲಿದ್ದುದರಿಂದ ಬಹುಪಾಲು ಜನರು ಹಂಗಾಮಿ ಕೂಲಿಕಾರರಾಗಿದ್ದರು. ಇಂತಹ ಊರಿಗೆ ಕಾಫಿ ಉದ್ಯಮವನ್ನು ತಂದದ್ದು ಗಡಿ.

1936ರಿಂದ 1939ರವರೆಗೆ ನಡೆದ ಅಂತರ್ಯುದ್ಧದಿಂದ ಸ್ಪೇನ್ ಜರ್ಜರಿತವಾಗಿತ್ತು. ಅಲ್ಲಿ ಆಹಾರ ಪದಾರ್ಥಗಳಿಗೆ ಪಡಿತರ ವ್ಯವಸ್ಥೆ ಬಂದಿತು, ಕಾಫಿ ದುರ್ಲಭವಾಯಿತು. ಪೋರ್ಚುಗಲ್‌ಗೆ ಮಾತ್ರ ಅಂಗೋಲಾ ಮೊದಲಾದ ವಸಾಹತುಗಳಿಂದ ಕಾಫಿ ಬರುತ್ತಲೇ ಇತ್ತು. ಬೆಲೆಯ ಈ ಅಂತರದಿಂದಾಗಿ ಗಡಿಯಂಚಿನ ಊರುಗಳಲ್ಲಿ ಕಾಫಿ ಹುರಿಯುವ ಸಣ್ಣ ಘಟಕಗಳು ತಲೆಯೆತ್ತಿದವು. ಹುರಿದ ಕಾಫಿಯ ಮೂಟೆಗಳನ್ನು ಬೆನ್ನ ಮೇಲೆ ಹೊತ್ತು, ಎರಡೂ ದೇಶಗಳ ಗಡಿ ಕಾವಲುಗಾರರ ಕಣ್ತಪ್ಪಿಸಿ, ರಾತ್ರಿಯಲ್ಲಿ ಕಾಲ್ನಡಿಗೆಯಿಂದ ಆಚೆ ದಾಟಿಸುವುದು ಅನೇಕ ಕುಟುಂಬಗಳ ಜೀವನೋಪಾಯವಾಗಿತ್ತು. ಕಾನೂನಿನ ದೃಷ್ಟಿಯಲ್ಲಿ ಅದು ಕಳ್ಳಸಾಗಣೆ. ಕೂಲಿಯೂ ಸಿಗದ ತಿಂಗಳುಗಳಲ್ಲಿ ಊರಿನವರಿಗೆ ಅದೇ ಅನ್ನ. ನಬೈರೊ ಕುಟುಂಬವೂ ಇದೇ ವ್ಯಾಪಾರದಲ್ಲಿ ತೊಡಗಿತ್ತು. ಈ ಹಿನ್ನೆಲೆಯನ್ನು ಅವರು ಮುಂದೆ ಎಂದೂ ಮುಚ್ಚಿಡಲಿಲ್ಲ.

ಬಡ ಕುಟುಂಬದಲ್ಲಿ ಹುಟ್ಟಿದ ರುಯಿ ಹನ್ನೆರಡು-ಹದಿಮೂರನೆಯ ವಯಸ್ಸಿನಲ್ಲಿಯೇ ಶಾಲೆ ಬಿಟ್ಟು ದುಡಿಮೆಗೆ ಇಳಿದರು. ತಾಯಿಯ ಸಣ್ಣ ಅಂಗಡಿಯಲ್ಲಿಯೂ ಕುಟುಂಬದ ಕಾಫಿ ಹುರಿಯುವ ಘಟಕದಲ್ಲಿಯೂ ಕೆಲಸ ಮಾಡಿದರು. ಹದಿನೇಳನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ಬಳಿಕ 'ಕಮೇಲು' ಎಂಬ ಆ ಘಟಕದ ಹೊಣೆ ಅವರ ಮೇಲೆ ಬಿದ್ದಿತು.

ಡೆಲ್ಟಾ ಸಂಸ್ಥೆಯ ಸ್ಥಾಪನೆ

1950ರ ದಶಕದಲ್ಲಿ ಸ್ಪೇನ್‌ನ ಪಡಿತರ ವ್ಯವಸ್ಥೆ ಕೊನೆಗೊಂಡಿತು. ಗಡಿಯಾಚೆಯ ಅಭಾವವನ್ನೇ ನಂಬಿ ಬಹುಕಾಲ ವ್ಯಾಪಾರ ನಡೆಸುವಂತಿರಲಿಲ್ಲ. ನಬೈರೊ ತಮ್ಮ ದೇಶದೊಳಗಿನ ಮಾರುಕಟ್ಟೆಯತ್ತ ತಿರುಗಿದರು. 1961ರಲ್ಲಿ ಸುಮಾರು 50 ಚದರ ಮೀಟರಿನ ಗೋದಾಮಿನಲ್ಲಿ, ತಲಾ 30 ಕಿ.ಗ್ರಾಂ. ಕಾಫಿ ಹಿಡಿಯುವ ಎರಡು ಗೋಳಾಕಾರದ ಹುರಿಯುವ ಯಂತ್ರಗಳು ಹಾಗೂ ಮೂವರು ಕೆಲಸಗಾರರೊಂದಿಗೆ ಡೆಲ್ಟಾ ಆರಂಭವಾಯಿತು. ಕಮೇಲು ಕೂಡ ಮುಂದೆ ಡೆಲ್ಟಾ ಸಮೂಹದ ಒಂದು ಬ್ರ್ಯಾಂಡ್ ಆಯಿತು.

ಸಂಸ್ಥೆಯ ಬೆಳವಣಿಗೆಯನ್ನು ಅರಿಯಲು ಪೋರ್ಚುಗಲ್‌ನ ಕಾಫಿ ಸಂಸ್ಕೃತಿಯ ಒಂದು ಲಕ್ಷಣವನ್ನು ಗಮನಿಸಬೇಕು. ಅಲ್ಲಿ ಕಾಫಿಯನ್ನು ಮನೆಗಿಂತ ಹೆಚ್ಚಾಗಿ ಬೀದಿಬದಿಯ ಕಾಫಿ ಅಂಗಡಿಗಳಲ್ಲಿ, ಸಣ್ಣ ಬಟ್ಟಲಿನಲ್ಲಿ, ಗಟ್ಟಿ ಎಸ್ಪ್ರೆಸೊ ರೂಪದಲ್ಲಿ ಕುಡಿಯುವುದು ರೂಢಿ. ಆದ್ದರಿಂದ ಕಾಫಿ ಹುರಿಯುವವನ ನಿಜವಾದ ಗಿರಾಕಿ ಕುಡಿಯುವವನಲ್ಲ, ಅಂಗಡಿಯ ಮಾಲೀಕ. ನಬೈರೊ ಊರೂರು ಸುತ್ತಿ ಈ ಮಾಲೀಕರನ್ನು ಖುದ್ದಾಗಿ ಭೇಟಿಯಾದರು. ಸಂಸ್ಥೆಯು ಕಾಫಿಯ ಜೊತೆಗೆ ಯಂತ್ರ, ಅದರ ರಿಪೇರಿ, ಬಟ್ಟಲು, ಸಕ್ಕರೆ ಪೊಟ್ಟಣಗಳನ್ನೂ ಒದಗಿಸುತ್ತಿತ್ತು. ಗಿರಾಕಿಯನ್ನು ಸ್ನೇಹಿತನಂತೆ ಕಾಣಬೇಕೆಂಬುದು ಡೆಲ್ಟಾದ ಧ್ಯೇಯವಾಕ್ಯವಾಯಿತು. ಇದರಲ್ಲಿ ಸೌಜನ್ಯದಷ್ಟೇ ವ್ಯಾಪಾರದ ಲೆಕ್ಕಾಚಾರವೂ ಇತ್ತು: ಯಂತ್ರ ಕೆಟ್ಟಾಗ ಓಡಿಬರುವವನನ್ನು ಅಂಗಡಿಯವನು ಸುಲಭವಾಗಿ ಬಿಡುವುದಿಲ್ಲ.

ಕ್ರಾಂತಿ ಮತ್ತು ವಿಸ್ತರಣೆ

1974ರ ಏಪ್ರಿಲ್ 25ರಂದು ಪೋರ್ಚುಗಲ್‌ನ ಸರ್ವಾಧಿಕಾರ ಪತನಗೊಂಡಿತು. ಮರುವರ್ಷ ಅಂಗೋಲಾ ಸ್ವತಂತ್ರವಾಗಿ, ಕೂಡಲೇ ಅಂತರ್ಯುದ್ಧಕ್ಕೆ ಸಿಲುಕಿತು. 1970ರ ದಶಕದ ಆರಂಭದಲ್ಲಿ ಜಗತ್ತಿನ ಪ್ರಮುಖ ಕಾಫಿ ಉತ್ಪಾದಕ ದೇಶಗಳಲ್ಲಿ ಒಂದಾಗಿದ್ದ ಅಂಗೋಲಾದ ತೋಟಗಳು ಪಾಳುಬಿದ್ದವು. ಪೋರ್ಚುಗಲ್‌ನ ಕಾಫಿ ಉದ್ಯಮವು ಬೀಜಕ್ಕಾಗಿ ಬೇರೆ ದೇಶಗಳನ್ನು ಅವಲಂಬಿಸಬೇಕಾಯಿತು. ಇದೇ ಅವಧಿಯಲ್ಲಿ ಅಲೆಂತೇಜುವಿನ ದೊಡ್ಡ ಜಮೀನುಗಳನ್ನು ಕೂಲಿಕಾರರು ವಶಪಡಿಸಿಕೊಳ್ಳುತ್ತಿದ್ದರು. ಅಂತಹ ಪ್ರಕ್ಷುಬ್ಧ ವಾತಾವರಣದಲ್ಲಿಯೂ ಡೆಲ್ಟಾ ಬೆಳೆಯಿತು. 1984ರಲ್ಲಿ ವ್ಯಾಪಾರದಿಂದ ಉತ್ಪಾದನೆಯನ್ನು ಬೇರ್ಪಡಿಸಿ 'ನೋವಾಡೆಲ್ಟಾ' ಕಂಪನಿಯನ್ನು ರಚಿಸಲಾಯಿತು.

1986ರ ಜನವರಿ 1ರಂದು ಪೋರ್ಚುಗಲ್ ಮತ್ತು ಸ್ಪೇನ್ ಒಟ್ಟಿಗೆ ಯುರೋಪಿಯನ್ ಆರ್ಥಿಕ ಸಮುದಾಯವನ್ನು ಸೇರಿದವು. ಒಂದು ಕಾಲದಲ್ಲಿ ಕಾಂಪು ಮಾಯೋರ್‌ನ ಕಾಫಿ ಕತ್ತಲಲ್ಲಿ ದಾಟುತ್ತಿದ್ದ ಗಡಿಯನ್ನು ಅದೇ ಊರಿನ ಲಾರಿಗಳು ಹಗಲಿನಲ್ಲಿ, ರಸೀದಿ ಸಮೇತ ದಾಟತೊಡಗಿದವು. ಸ್ಪೇನ್ ಡೆಲ್ಟಾದ ಮುಖ್ಯ ವಿದೇಶಿ ಮಾರುಕಟ್ಟೆಯಾಯಿತು. ಮುಂದೆ ಅಂಗೋಲಾದಲ್ಲಿಯೂ ಸಮೂಹವು ಕಾಫಿ ಖರೀದಿ ಮತ್ತು ಸಂಸ್ಕರಣೆಯನ್ನು ಕೈಗೊಂಡಿತು.

2007ರಲ್ಲಿ ಎರಡು ಹೊಸ ಹೆಜ್ಜೆಗಳನ್ನಿಡಲಾಯಿತು. ಮನೆಬಳಕೆಯ ಕ್ಯಾಪ್ಸೂಲ್ ಕಾಫಿಯು ಕಾಫಿ ಅಂಗಡಿಗಳ ವ್ಯಾಪಾರಕ್ಕೆ ಸವಾಲೊಡ್ಡುತ್ತಿದ್ದಾಗ ಸಂಸ್ಥೆ ತನ್ನದೇ ಆದ 'ಡೆಲ್ಟಾ ಕ್ಯೂ' ಕ್ಯಾಪ್ಸೂಲ್‌ಗಳನ್ನು ಮಾರುಕಟ್ಟೆಗೆ ತಂದಿತು. ಅದೇ ವರ್ಷ ಕಾಂಪು ಮಾಯೋರ್‌ನಲ್ಲಿ 'ಅದೇಗಾ ಮಾಯೋರ್' ದ್ರಾಕ್ಷಾರಸ ತಯಾರಿಕಾ ಘಟಕ ಆರಂಭವಾಯಿತು. ಅದರ ಬಿಳಿಯ ಕಟ್ಟಡವನ್ನು ವಿನ್ಯಾಸಗೊಳಿಸಿದವರು ಪ್ರಸಿದ್ಧ ವಾಸ್ತುಶಿಲ್ಪಿ ಆಲ್ವಾರು ಸಿಜಾ ವಿಯೈರಾ.

ಊರಿನೊಂದಿಗಿನ ಸಂಬಂಧ

ಪೋರ್ಚುಗಲ್‌ನ ಒಳನಾಡಿನ ಊರುಗಳು ದಶಕಗಳಿಂದ ಜನರನ್ನು ಕಳೆದುಕೊಳ್ಳುತ್ತ ಬಂದಿವೆ. ಯುವಕರು ಲಿಸ್ಬನ್, ಪೋರ್ಟೊ ನಗರಗಳಿಗೆ ಅಥವಾ ಫ್ರಾನ್ಸ್ ಮೊದಲಾದ ದೇಶಗಳಿಗೆ ವಲಸೆ ಹೋಗುತ್ತಾರೆ. ಬೀಜ ಹಡಗಿನಲ್ಲಿ ಬರುವುದರಿಂದ ಕಾರ್ಖಾನೆಯನ್ನು ಬಂದರಿನ ಬಳಿ ಇಡುವುದೇ ಲಾಭಕರ. ಹಾಗಿದ್ದೂ ನಬೈರೊ ಗಡಿಯೂರಿನಲ್ಲಿಯೇ ಉಳಿದದ್ದು ಅವರ ಜೀವನದ ಅತ್ಯಂತ ನಿರ್ಣಾಯಕ ತೀರ್ಮಾನವೆನ್ನಬಹುದು. ಅವರ ಕೊನೆಯ ವರ್ಷಗಳಲ್ಲಿ ಸಮೂಹದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನರಿದ್ದರು. ಸುಮಾರು ಎಂಟು ಸಾವಿರ ಜನಸಂಖ್ಯೆಯ ಕಾಂಪು ಮಾಯೋರ್‌ನಲ್ಲಿ ಡೆಲ್ಟಾ ಅತಿದೊಡ್ಡ ಉದ್ಯೋಗದಾತ ಸಂಸ್ಥೆಯಾಗಿತ್ತು. ಕೆಲಸ ಕೇಳಿಕೊಂಡು ಬರುವ ಊರಿನವರನ್ನು ಅವರು ನೇರವಾಗಿ ಭೇಟಿಯಾಗುತ್ತಿದ್ದರು.

ಕ್ರಾಂತಿಗೆ ಮುನ್ನವೂ ನಂತರವೂ ಅವರು ಕಾಂಪು ಮಾಯೋರ್ ಪುರಸಭೆಯ ಅಧ್ಯಕ್ಷರಾಗಿದ್ದರು. ಚುನಾಯಿತ ಅಧ್ಯಕ್ಷರಾಗಿ 1986ರವರೆಗೆ ಸೇವೆ ಸಲ್ಲಿಸಿದರು. ಉದ್ಯೋಗ, ಆಡಳಿತ ಮತ್ತು ದಾನ ಈ ಮೂರೂ ಒಬ್ಬನೇ ವ್ಯಕ್ತಿಯಲ್ಲಿ ಸೇರಿದ್ದುದು ಊರಿಗೆ ಆಸರೆಯಾಯಿತು. ಒಂದು ಊರು ಒಂದೇ ಕುಟುಂಬದ ಉದ್ಯಮವನ್ನು ಇಷ್ಟೊಂದು ನೆಚ್ಚಿಕೊಳ್ಳುವುದರಲ್ಲಿ ಅಪಾಯವೂ ಇಲ್ಲದಿಲ್ಲ. ಮಕ್ಕಳ ಶಿಕ್ಷಣಕ್ಕಾಗಿ ಅವರ ಪತ್ನಿ ಅಲೀಸ್ ಅವರ ಹೆಸರಿನಲ್ಲಿ ಶೈಕ್ಷಣಿಕ ಕೇಂದ್ರವೊಂದು ಸ್ಥಾಪನೆಯಾಯಿತು. 2014ರಲ್ಲಿ ಕಾಫಿಯ ಇತಿಹಾಸವನ್ನು ಪರಿಚಯಿಸುವ 'ಕಾಫಿ ವಿಜ್ಞಾನ ಕೇಂದ್ರ' ಊರಿನ ಹೊರವಲಯದಲ್ಲಿ ತೆರೆಯಿತು. ಎವೊರಾ ವಿಶ್ವವಿದ್ಯಾಲಯದಲ್ಲಿ ಜೀವವೈವಿಧ್ಯದ ಅಧ್ಯಯನಕ್ಕೆ ಅವರ ಹೆಸರಿನ ಪೀಠವಿದೆ.

ಗೌರವಗಳು ಮತ್ತು ನಿಧನ

ಪೋರ್ಚುಗಲ್ ಸರ್ಕಾರವು 1995ರಲ್ಲಿ ಅವರಿಗೆ ಕೈಗಾರಿಕಾ ಸೇವೆಗಾಗಿ 'ಕೊಮೆಂಡಡೋರ್' ಗೌರವವನ್ನು ನೀಡಿತು. ಜನರು ಅವರನ್ನು 'ಸೆನ್ಯೋರ್ ರುಯಿ' ಎಂದೇ ಕರೆಯುತ್ತಿದ್ದರು. 2006ರಲ್ಲಿ 'ಇನ್ಫಾಂಟೆ ದೊಂ ಎನ್ರೀಕ್' ಪದವಿಗೂ ಪಾತ್ರರಾದರು. 2021ರಲ್ಲಿ ಸಮೂಹದ ಮುಖ್ಯ ಕಾರ್ಯನಿರ್ವಾಹಕ ಹುದ್ದೆ ಅವರ ಮೊಮ್ಮಗ ರುಯಿ ಮಿಗೆಲ್ ನಬೈರೊ ಅವರಿಗೆ ಬಂದಿತು.

ನಬೈರೊ 2023ರ ಮಾರ್ಚ್ 19ರಂದು, 92 ತುಂಬಲು ಒಂಬತ್ತು ದಿನಗಳಿರುವಾಗ, ಲಿಸ್ಬನ್‌ನಲ್ಲಿ ನಿಧನರಾದರು. ಅಂತ್ಯಕ್ರಿಯೆ ಕಾಂಪು ಮಾಯೋರ್‌ನಲ್ಲಿ ನೆರವೇರಿತು.