ಬಿಳಿರಕ್ತಕಣದ ಬಿಗುವು: ಕಿಡ್ನಿ ಕಸಿಯಲ್ಲೊಂದು ಹೊಸ ಸುಳಿವು

1954ರ ಡಿಸೆಂಬರ್ 23ರಂದು ಬಾಸ್ಟನ್‌ನಲ್ಲಿ ಡಾ. ಜೋಸೆಫ್ ಮರ್ರೆ ಅವರು ರೊನಾಲ್ಡ್ ಹೆರಿಕ್‌ನ ಒಂದು ಕಿಡ್ನಿಯನ್ನು ಅವನ ತದ್ರೂಪಿ ಅವಳಿ ರಿಚರ್ಡ್‌ಗೆ ಕಸಿ ಮಾಡಿದರು. ಅವಳಿಯದೇ ಆದ್ದರಿಂದ ದೇಹ ಅದನ್ನು ತನ್ನದೆಂದೇ ಒಪ್ಪಿಕೊಂಡಿತು. ರಿಚರ್ಡ್ ಇನ್ನೂ ಎಂಟು ವರ್ಷ ಬದುಕಿದ. ಅಂಥ ಅವಳಿ ಎಷ್ಟು ಮಂದಿಗಿದ್ದಾರು? ಉಳಿದವರು ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್, ಪ್ರೆಡ್ನಿಸೊಲೋನ್‌ನಂಥ ಮಾತ್ರೆಗಳಿಂದ ತಮ್ಮದೇ ರಕ್ಷಣಾ ಕಣಗಳನ್ನು ತಡೆಹಿಡಿದು ಬದುಕಬೇಕು.

‘ಕ್ರಿಯಾಟಿನಿನ್ ಎಷ್ಟು ಬಂತು?’ ಕಸಿಯಾದವರ ಮನೆಯಲ್ಲಿ ಎದೆ ನಡುಗಿಸುವ ಪ್ರಶ್ನೆಯಿದು. ಕಿಡ್ನಿ ಸೋಸಿ ಹೊರಹಾಕಬೇಕಾದ ಆ ತ್ಯಾಜ್ಯದ ಅಂಕಿ ರಕ್ತದಲ್ಲಿ ಏರುವಷ್ಟರಲ್ಲಿ ಎಷ್ಟೋ ಸಲ ಕಿಡ್ನಿಗೆ ಪೆಟ್ಟು ಬಿದ್ದಾಗಿರುತ್ತದೆ. ಕಸಿಯಾದ ಕಿಡ್ನಿಯನ್ನು ದೇಹ ಒಪ್ಪದ ತಿರಸ್ಕಾರ ಶುರುವಾಗಿದೆಯೇ ಎಂದು ಖಚಿತಪಡಿಸಿಕೊಳ್ಳಲು ಸೂಜಿ ಚುಚ್ಚಿ ಬಯಾಪ್ಸಿ ಮಾಡಬೇಕು. ರಕ್ತದಲ್ಲಿ ಔಷಧ ಎಷ್ಟಿದೆ ಎಂಬುದನ್ನೂ ಅಳೆಯಬಹುದು. ಆದರೆ ಆ ಔಷಧಕ್ಕೆ ರಕ್ಷಣಾ ಕಣ, ಅಂದರೆ ಬಿಳಿರಕ್ತಕಣ, ಎಷ್ಟು ಮಣಿದಿದೆ ಎಂಬುದು ಅದರಿಂದ ತಿಳಿಯದು.

ಕಣದ ಮೈಯನ್ನೇ ಮುಟ್ಟಿ ನೋಡಿದರೆ? ಬಿಳಿರಕ್ತಕಣ ತನಗಿಂತ ಕಿರಿದಾದ ಲೋಮನಾಳಗಳಲ್ಲಿ ನುಸುಳಬೇಕು, ನಾಳದ ಗೋಡೆ ದಾಟಿ ಅಂಗಾಂಶದೊಳಗೆ ಇಳಿಯಬೇಕು. ಅದರೊಳಗಿನ ಆಕ್ಟಿನ್ ಎಂಬ ಪ್ರೋಟೀನ್ ಎಳೆಗಳ ಹಂದರ, ಜಾತ್ರೆಯ ಚಪ್ಪರದಂತೆ, ಬೇಕಾದಾಗ ಬಿಚ್ಚಿಕೊಂಡು ಮತ್ತೆ ಕಟ್ಟಿಕೊಳ್ಳುತ್ತದೆ. ಪರಕೀಯವೆಂದು ಗುರುತಿಸಿದ್ದೇ ಟಿ ಕಣವೆಂಬ ಬಿಳಿರಕ್ತಕಣ ಆ ಹಂದರವನ್ನು ಮರುಜೋಡಿಸುತ್ತದೆ, ದಪ್ಪಗಾಗುತ್ತದೆ. ಕೊಲ್ಲುವ ಟಿ ಕಣವಾದರೆ ಗುರಿಯನ್ನು ಅಕ್ಷರಶಃ ಅದುಮುತ್ತದೆ. ರೋಗನಿರೋಧವೆಂದರೆ ಬರೀ ರಾಸಾಯನಿಕ ಸಂದೇಶಗಳ ಆಟವಲ್ಲ, ಬಲಪ್ರಯೋಗವೂ ಹೌದು. ಇದನ್ನು ನಾವು ಬಹಳ ಕಾಲ ಕಡೆಗಣಿಸಿದೆವು ಎಂದೇ ನನ್ನ ಅನಿಸಿಕೆ.

ಕಡೆಗಣಿಸಲು ಕಾರಣವೂ ಇತ್ತು. 1986ರಲ್ಲಿ ಬಂದ ಪರಮಾಣು ಬಲ ಸೂಕ್ಷ್ಮದರ್ಶಕದಿಂದ ಕಣಗಳನ್ನು ಒಂದೊಂದಾಗಿ ಒತ್ತಿ ನೋಡಬೇಕಿತ್ತು. 2015ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಯೋಖೆನ್ ಗುಕ್ ಅವರ ತಂಡ ಬೇರೆಯೇ ದಾರಿ ತೋರಿಸಿತು. ಕಣಕ್ಕಿಂತ ತುಸುವೇ ಅಗಲವಾದ ಕಾಲುವೆಯಲ್ಲಿ ಅವನ್ನು ರಭಸವಾಗಿ ಹರಿಸಿದರೆ ದ್ರವದ ಒತ್ತಡಕ್ಕೆ ಅವುಗಳ ಆಕಾರ ಬಿಗುವಿಗೆ ತಕ್ಕಂತೆ ಬದಲಾಗುತ್ತದೆ. ವೇಗದ ಕ್ಯಾಮೆರಾ ಸೆಕೆಂಡಿಗೆ ನೂರಾರು ಕಣಗಳ ಚಿತ್ರ ಹಿಡಿಯುತ್ತದೆ. ಇದಕ್ಕೆ ಒಂದು ಹನಿ ರಕ್ತ ಸಾಕು.

ತೊಡಕಿರುವುದು ಅರ್ಥೈಸುವುದರಲ್ಲಿ. ಕಸಿಯ ವೇಳೆ ಕೊಡುವ ಸ್ಟೀರಾಯ್ಡ್‌ನಿಂದ ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣಗಳು ನಾಳದ ಗೋಡೆಯ ಹಿಡಿತ ಬಿಟ್ಟು ರಕ್ತದಲ್ಲಿ ತೇಲತೊಡಗುತ್ತವೆ, ಅವುಗಳ ಎಣಿಕೆ ಏರುತ್ತದೆ. ಸೋಂಕು ಬಂದರೂ ಕಣಗಳು ಬದಲಾಗುತ್ತವೆ. ಹಾಗಾದರೆ ಕಂಡ ಬದಲಾವಣೆ ಔಷಧದ್ದೋ, ಸೋಂಕಿನದೋ, ತಿರಸ್ಕಾರದ್ದೋ? ಒಂದೇ ದಿನದ ಅಳತೆಯಿಂದ ಇದನ್ನು ಬೇರ್ಪಡಿಸಲಾಗದು. ಕಸಿಗೆ ಮೊದಲೇ ಅಳೆದಿಟ್ಟು, ಆಮೇಲೂ ಅದೇ ರೋಗಿಯನ್ನು ತಿಂಗಳುಗಟ್ಟಲೆ ಹಿಂಬಾಲಿಸಿ, ಪ್ರತಿ ಏರಿಳಿತವನ್ನು ಔಷಧದ ಪ್ರಮಾಣ ಮತ್ತು ಬಯಾಪ್ಸಿಯ ವರದಿಯೊಡನೆ ಹೋಲಿಸಬೇಕು. ಅಲ್ಲಿಯವರೆಗೆ ಇದು ಪ್ರಯೋಗಾಲಯದ ಪರೀಕ್ಷೆ. ಇದನ್ನು ನಂಬಿ ಯಾರೂ ಒಂದು ಮಾತ್ರೆಯನ್ನೂ ಬಿಡುವಂತಿಲ್ಲ.