ಚಿಕ್ಕ ಮನೆಯಲ್ಲಿ ಸೀಸದ ಧೂಳು

ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಿ ಬಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಮಗನಿಗೆ ಗುರಿ ಹೊಡೆಯುವ ಹವ್ಯಾಸ. ಹಾರಿಸಿದ ಕಾಡತೂಸುಗಳ ಖಾಲಿ ಹಿತ್ತಾಳೆ ಕೋಶಗಳಿಗೆ ಮತ್ತೆ ಮದ್ದು, ಗುಂಡು ತುಂಬುವ ಯಂತ್ರ ಕೊಳ್ಳಬೇಕೆಂದಿದ್ದಾನೆ. ಎರಡು ಕೋಣೆಯ ಫ್ಲಾಟು, ಅಂಬೆಗಾಲಿಡುವ ಮೊಮ್ಮಗಳು. ಪುಟ್ಟ ಯಂತ್ರವಾದರೆ ತೊಂದರೆ ಇಲ್ಲವೇ ಎಂದು ಕೇಳಿದ್ದಾರೆ.

ಅಲ್ಲಿ ಇದು ಸಾಮಾನ್ಯ ಹವ್ಯಾಸ. (ನಮ್ಮಲ್ಲಿ ಪರವಾನಗಿ ಇಲ್ಲದೆ ಕಾಡತೂಸು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಅಪರಾಧ.) ಮದ್ದು ಸಿಡಿದೀತೆಂದು ಎಲ್ಲರೂ ಹೆದರುತ್ತಾರೆ. ಅದನ್ನು ಬಂದ ಡಬ್ಬಿಯಲ್ಲೇ, ಬೆಂಕಿಯಿಂದ ದೂರ, ಮಕ್ಕಳ ಕೈಗೆ ಸಿಗದಂತೆ ಇಡಬೇಕು, ನಿಜ. ಆದರೆ ಸದ್ದಿಲ್ಲದ ಅಪಾಯ ಸೀಸದ್ದು. ಕೋಶದ ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್‌ನಲ್ಲಿ ಸಾಮಾನ್ಯವಾಗಿ ಸೀಸದ ಸಂಯುಕ್ತವಿರುತ್ತದೆ. ಹಾರಿಸಿದ ಮೇಲೆ ಅದರ ಮಸಿ ಕೋಶದೊಳಗೆ ಉಳಿಯುತ್ತದೆ.

ಆದ್ದರಿಂದ ಗುಂಡು ತುಂಬುವ ಪ್ರೆಸ್ಸಿಗಿಂತ, ಕೋಶ ತೊಳೆಯುವ ಯಂತ್ರದ ಆಯ್ಕೆ ಮುಖ್ಯ. ಜೋಳದ ದಿಂಡಿನ ಪುಡಿಯಲ್ಲಿ ಕೋಶಗಳನ್ನು ಅಲುಗಾಡಿಸುವ ಒಣ ಯಂತ್ರ ಅಗ್ಗ. ಆದರೆ ಪುಡಿ ಸುರಿದು ಜರಡಿ ಹಿಡಿದಾಗ ಸೀಸದ ಧೂಳು ಏಳುತ್ತದೆ. ನೀರು ಹಾಕಿ ಮುಚ್ಚಳ ಬಿಗಿದು ತಿರುಗಿಸುವ ಯಂತ್ರವೇ ಚಿಕ್ಕ ಮನೆಗೆ ಲೇಸು. ಆ ನೀರನ್ನು ಅಡುಗೆಮನೆಯ ಸಿಂಕಿಗೆ ಚೆಲ್ಲಬಾರದು. ಪ್ರೆಸ್ಸು ಚಿಕ್ಕದಿರಲಿ, ಆದರೆ ಹಳೆಯ ಪ್ರೈಮರ್‌ಗಳು ನೆಲಕ್ಕೆ ಚೆದುರದೆ ಕೊಳವೆಯ ಮೂಲಕ ಮುಚ್ಚಿದ ಡಬ್ಬಿಗೆ ಬೀಳುವಂಥದ್ದಾಗಿರಲಿ. ಸೀಸ ಕರಗಿಸಿ ಗುಂಡು ಎರಕ ಹೊಯ್ಯುವ ಸಾಮಾನನ್ನಂತೂ ಫ್ಲಾಟಿಗೆ ತರಲೇಬಾರದು.

ಸುಲಭವಾಗಿ ಎತ್ತಿಡಬಹುದಾದ ಯಂತ್ರದಲ್ಲಿ ಒಂದು ಮೋಸವಿದೆ. ಅದು ಊಟದ ಮೇಜಿಗೇ ಬಂದು ಕೂರುತ್ತದೆ! ಅಲ್ಲಿನ ಮನೆಗಳಲ್ಲಿ ನೆಲಕ್ಕೆ ಕಾರ್ಪೆಟ್ ಬೇರೆ. ಅದರೊಳಗೆ ಸೇರಿದ ಧೂಳು ಸುಲಭಕ್ಕೆ ಹೋಗದು. ಕಾರ್ಪೆಟ್ ಇಲ್ಲದ, ಮಗು ಸುಳಿಯದ ಮೂಲೆಯೊಂದು ಸಿಗದಿದ್ದರೆ ಯಂತ್ರ ಕೊಳ್ಳದಿರುವುದೇ ವಾಸಿ. ಕೆಲಸವಾದ ಮೇಲೆ ಪೊರಕೆ ಹಿಡಿಯದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಸೋಪು ಹಚ್ಚಿ ಕೈತೊಳೆದು, ಬಟ್ಟೆ ಬದಲಿಸಿಯೇ ಮಗುವನ್ನು ಎತ್ತಿಕೊಳ್ಳಬೇಕು.

ಇಷ್ಟು ಕಟ್ಟುನಿಟ್ಟು ಏಕೆಂದರೆ, ಹೊಟ್ಟೆಗೆ ಹೋದ ಸೀಸವನ್ನು ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳಬಲ್ಲದು. ಬೆಳೆಯುವ ಮೆದುಳಿಗೆ ಅದು ಮಾಡುವ ಹಾನಿಯನ್ನು ಸರಿಪಡಿಸಲಾಗದು. ಹೊಟ್ಟೆನೋವು, ಮಲಬದ್ಧತೆ, ರಕ್ತಹೀನತೆ ಕಾಣುವುದು ಪ್ರಮಾಣ ಹೆಚ್ಚಿದಾಗ. ಅದಕ್ಕೆ ಮೊದಲು ಮಗು ಆಡಿಕೊಂಡೇ ಇರುತ್ತದೆ. ಬಸುರಿಯ ದೇಹದಿಂದ ಸೀಸ ಭ್ರೂಣಕ್ಕೂ ದಾಟುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಕೊರತೆಯಿದ್ದರೆ ಹೀರಿಕೆ ಇನ್ನೂ ಹೆಚ್ಚು. ಹಾಲು, ರಾಗಿ, ಸೊಪ್ಪು ತಪ್ಪಿಸಬೇಡಿ.

ಮನೆಯಲ್ಲಿ ಈಗಾಗಲೇ ಈ ಕೆಲಸ ನಡೆಯುತ್ತಿದ್ದರೆ ಮಗುವಿನ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿ. ಸುರಕ್ಷಿತ ಮಟ್ಟವೆಂಬುದಿಲ್ಲ, ಆದರೂ 2021ರಿಂದ ಅಮೆರಿಕದ ಆರೋಗ್ಯ ಇಲಾಖೆ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ಮುಟ್ಟಿದರೆ ಎಚ್ಚರಿಸುತ್ತದೆ. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಹೆಚ್ಚು ಕಂಡರೆ ಗಾಬರಿ ಬೇಡ, ಚರ್ಮದ ಮೇಲಿನ ಧೂಳು ಬೆರೆತಿರಬಹುದು. ರಕ್ತನಾಳದಿಂದ ತೆಗೆಸಿ ಮತ್ತೊಮ್ಮೆ ನೋಡಬೇಕು.