ಗೋಧಿ ಹೊಲದೊಳಗಿನ ಆರು ಸುತ್ತು

ಇಂಗ್ಲೆಂಡಿನ ಪುರಾತನ ಶಿಲಾವೃತ್ತ ಸ್ಟೋನ್‌ಹೆಂಜ್‌ನಿಂದ ಸುಮಾರು 3 ಕಿಲೋಮೀಟರ್ ದೂರದ ಹೊಲವೊಂದರಲ್ಲಿ, ಉತ್ತು ಉತ್ತು ಸವೆದ ದಿಬ್ಬವಿತ್ತು. ಯಾವುದೋ ಹಳೆಯ ಸಮಾಧಿಯಿರಬೇಕು ಎಂದುಕೊಂಡು ಎಲ್ಲರೂ ಸುಮ್ಮನಿದ್ದರು. 1925ರಲ್ಲಿ ಅದರ ಮೇಲೆ ಹಾರಿದ ವಾಯುಪಡೆಯ ಪೈಲಟ್ ಗಿಲ್ಬರ್ಟ್ ಇನ್ಸಾಲ್ ಅವರಿಗೆ ವೃತ್ತದೊಳಗೆ ಚುಕ್ಕೆಗಳು ಕಂಡವು. ಮರುವರ್ಷ ಗೋಧಿ ಬೆಳೆದು ನಿಂತಾಗ ಚುಕ್ಕೆಗಳು ಸುತ್ತುಸುತ್ತಾಗಿ, ಕಡುಬಣ್ಣದಲ್ಲಿ ಮೂಡಿದ್ದವು. ಪುರಾತತ್ವಜ್ಞರಾದ ಕನಿಂಗ್ಟನ್ ದಂಪತಿ ಅಗೆದು ನೋಡಿದರು. ಸಿಕ್ಕಿದ್ದು ಮರದ ಕಂಬಗಳನ್ನು ನೆಟ್ಟಿದ್ದ ಕುಳಿಗಳ ಆರು ಸುತ್ತು! ಇಂದು ಅದು ವುಡ್‌ಹೆಂಜ್.

ಗೋಧಿಗೆ ಇದೆಲ್ಲ ಹೇಗೆ ಗೊತ್ತಾಯಿತು? ಹಿಂದೊಮ್ಮೆ ತೋಡಿದ್ದ ಕುಳಿಯೋ ಕಂದಕವೋ ಕಾಲಕ್ರಮೇಣ ಮಣ್ಣಿನಿಂದ ತುಂಬಿಕೊಳ್ಳುತ್ತದೆ. ಅಲ್ಲಿ ಮಣ್ಣು ಆಳ, ತೇವವೂ ಹೆಚ್ಚು. ಸುತ್ತಲಿನ ಪೈರು ಹಣ್ಣಾಗಿ ಹಳದಿಗೆ ತಿರುಗಿದರೂ ಅಷ್ಟು ಜಾಗ ಮಾತ್ರ ಹಸಿರಾಗಿ, ಎತ್ತರವಾಗಿ ಉಳಿಯುತ್ತದೆ. ಕೆಳಗೆ ಗೋಡೆಯ ಬುನಾದಿ ಇದ್ದರೆ ಪೈರು ಗಿಡ್ಡವಾಗಿ ಬೇಗ ಒಣಗುತ್ತದೆ. ಬದುವಿನ ಮೇಲೆ ನಿಂತವನಿಗೆ ಇದು ಬರೀ ಏರುಪೇರಾದ ಬೆಳೆ; ಮೇಲಿನಿಂದ ನೋಡಿದವನಿಗೆ ಇಡೀ ನಕ್ಷೆ. ಮಳೆ ಕೈಕೊಟ್ಟ ವರ್ಷ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಐರ್ಲೆಂಡಿನ ನ್ಯೂಗ್ರೇಂಜ್ ಬಳಿ 2018ರ ಒಣ ಬೇಸಿಗೆಯಲ್ಲಿ ಡ್ರೋನ್ ಹಾರಿಸಿದವರ ಕಣ್ಣಿಗೆ, ಅದುವರೆಗೆ ಯಾರೂ ಅರಿಯದಿದ್ದ ಬೃಹತ್ ವೃತ್ತವೊಂದು ಬಿದ್ದದ್ದು ಹೀಗೆಯೇ.

ಆಕಾಶದಿಂದ ಸ್ಮಾರಕಗಳ ಫೋಟೊ ತೆಗೆಯುವುದು ವಿಮಾನಕ್ಕಾಗಿ ಕಾದಿರಲಿಲ್ಲ. 1906ರಲ್ಲೇ ಬ್ರಿಟಿಷ್ ಸೇನೆಯ ಲೆಫ್ಟಿನೆಂಟ್ ಶಾರ್ಪ್ ಬಲೂನಿನಿಂದ ಸ್ಟೋನ್‌ಹೆಂಜ್ ಚಿತ್ರ ತೆಗೆದಿದ್ದರು. ಆದರೆ ಅದನ್ನೊಂದು ಶಾಸ್ತ್ರವಾಗಿ ಬೆಳೆಸಿದವರಲ್ಲಿ ಮೊದಲು ನೆನೆಯಬೇಕಾದ ಹೆಸರು, ನನ್ನ ಮಟ್ಟಿಗೆ, ಒ.ಜಿ.ಎಸ್. ಕ್ರಾಫರ್ಡ್. ಹುಟ್ಟಿದ್ದು 1886ರಲ್ಲಿ, ನಮ್ಮ ಮುಂಬಯಿಯಲ್ಲಿ. ಮೊದಲ ಮಹಾಯುದ್ಧದಲ್ಲಿ ವಿಮಾನದಲ್ಲಿ ಕೂತು ಶತ್ರುನೆಲೆಗಳನ್ನು ಗಮನಿಸುವ ಕೆಲಸ ಮಾಡಿ, ಜರ್ಮನ್ನರ ಕೈಗೆ ಸೆರೆಸಿಕ್ಕಿದವರು. ಯುದ್ಧ ಮುಗಿದ ಮೇಲೆ ಬ್ರಿಟನ್ನಿನ ಭೂಮಾಪನ ಇಲಾಖೆಯ ಮೊದಲ ಪುರಾತತ್ವ ಅಧಿಕಾರಿಯಾದರು.

ಅವರ ದೊಡ್ಡ ಶೋಧಕ್ಕೆ ವಿಮಾನ ಹತ್ತುವ ಅಗತ್ಯವೇ ಬೀಳಲಿಲ್ಲ. ಸ್ಟೋನ್‌ಹೆಂಜ್‌ನಿಂದ ಹೊರಟ ಪುರಾತನ ದಾರಿಯೊಂದು ಉಳುಮೆಯಲ್ಲಿ ಅಳಿಸಿಹೋಗಿ, ಮುಂದೆ ಎತ್ತ ಸಾಗಿತ್ತೆಂಬುದು ತಿಳಿಯದಾಗಿತ್ತು. ವಾಯುಪಡೆ 1921ರಲ್ಲಿ ಬೇರೆ ಉದ್ದೇಶಕ್ಕೆ ತೆಗೆದಿಟ್ಟಿದ್ದ ಫೋಟೊಗಳನ್ನು 1923ರಲ್ಲಿ ಪರಿಶೀಲಿಸುವಾಗ, ಏವನ್ ನದಿಯತ್ತ ಸಾಗುವ ಎರಡು ತೆಳು ಗೆರೆಗಳು ಅವರಿಗೆ ಕಂಡವು. ಅದೇ ವರ್ಷ ಅಗೆದಾಗ ದಾರಿಯ ಎರಡೂ ಬದಿಯ ಕಾಲುವೆಗಳು ಸಿಕ್ಕವು. ಎರಡು ವರ್ಷ ಆ ಗೆರೆಗಳು ಫೋಟೊದಲ್ಲೇ ಇದ್ದವು, ಓದುವವರು ಇರಲಿಲ್ಲ. ಕ್ಯಾಮೆರಾಕ್ಕಿಂತ ಈ ಓದುವ ಕಣ್ಣೇ ಕ್ರಾಫರ್ಡ್ ಕೊಟ್ಟ ದೊಡ್ಡ ಕೊಡುಗೆ. 1928ರಲ್ಲಿ ಅಲೆಕ್ಸಾಂಡರ್ ಕೀಲರ್ ಜೊತೆ ಅವರು ಹೊರತಂದ ‘ವೆಸೆಕ್ಸ್ ಫ್ರಮ್ ದಿ ಏರ್’ ಈ ಕ್ಷೇತ್ರಕ್ಕೆ ಭದ್ರ ಬುನಾದಿ ಹಾಕಿತು. ಅತ್ತ ಸಿರಿಯಾದ ಮರುಭೂಮಿಯಲ್ಲಿ ಫ್ರೆಂಚ್ ಪಾದ್ರಿ ಆಂಟ್ವಾನ್ ಪ್ವಾದ್‌ಬಾರ್, ಇಳಿಬಿಸಿಲಿನ ಉದ್ದ ನೆರಳುಗಳ ನೆರವಿನಿಂದ ರೋಮನ್ ಕೋಟೆಗಳನ್ನೂ ರಸ್ತೆಗಳನ್ನೂ ಗುರುತಿಸುತ್ತಿದ್ದರು.

ಹಳೆಯ ಫೋಟೊಗಳ ಬೆಲೆ ಉಪಗ್ರಹಗಳ ಕಾಲದಲ್ಲೂ ಗೊತ್ತಾಯಿತು. ಅಮೆರಿಕದ ಕರೋನಾ ಬೇಹು ಉಪಗ್ರಹಗಳು 1960ರಿಂದ 1972ರವರೆಗೆ ತೆಗೆದ ಚಿತ್ರಗಳು 1995ರಲ್ಲಿ ಗುಟ್ಟಿನ ಕಡತದಿಂದ ಹೊರಬಂದವು. ಪಶ್ಚಿಮ ಏಷ್ಯಾದಲ್ಲಿ ಆಮೇಲೆ ಜಲಾಶಯಗಳಲ್ಲಿ ಮುಳುಗಿದ, ಹೊಲ ಊರುಗಳು ನುಂಗಿದ ಎಷ್ಟೋ ನೆಲೆಗಳು ಅವುಗಳಲ್ಲಿ ಹಾಗೇ ಉಳಿದಿವೆ. ಆದ್ದರಿಂದ ಯಾವುದೇ ಕಚೇರಿಯ ಕಪಾಟಿನಲ್ಲಿ ಹಳೆಯ ವೈಮಾನಿಕ ಫೋಟೊಗಳಿದ್ದರೆ, ದಯವಿಟ್ಟು ರದ್ದಿಗೆ ಹಾಕುವ ಮುನ್ನ ಪುರಾತತ್ವ ಬಲ್ಲವರೊಬ್ಬರಿಗೆ ತೋರಿಸಿ.